ಎಸಿ, ಫ್ರಿಜ್‌ಗಳ ವ್ಯಾಕ್ಯೂಮ್‌ಗೆ ಯಾವ ಹೋಸ್, ಯಾವ ಫಿಟಿಂಗ್: ಪಂಪ್ ದೊಡ್ಡದು ಮಾಡುವ ಮೊದಲು ದಾರಿ ಅಗಲ ಮಾಡಿ

ಜುಲೈ ತಿಂಗಳ ಮಂಗಳೂರಿನಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥ ಹವೆಯಲ್ಲಿ ಒಂದು ಮನೆಯ ಸ್ಪ್ಲಿಟ್ ಎಸಿಯನ್ನು ಬೇರೆ ಕೋಣೆಗೆ ಸಾಗಿಸಿ, ತಾಮ್ರದ ಪೈಪನ್ನು ಉದ್ದ ಮಾಡಿ, ಒಳಗಿನ ಗಾಳಿ, ತೇವವನ್ನು ಎಳೆದು ತೆಗೆಯಲು ವ್ಯಾಕ್ಯೂಮ್ ಪಂಪ್ ಹಚ್ಚಿದ್ದೆ. ಪಂಪ್ ಒಂದೂವರೆ ಗಂಟೆ ಓಡಿತು. ಒಳಗೆ ಉಳಿದ ಒತ್ತಡವನ್ನು ತೋರಿಸುವ ಮೈಕ್ರಾನ್ ಗೇಜ್ (ಅಂಕಿ ಇಳಿದಷ್ಟೂ ಒಳ್ಳೆಯದು) ಎರಡು ಸಾವಿರದ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಪಂಪಿನ ಎಣ್ಣೆ ಬದಲಿಸಿದೆ, ಬಾಯಿ ಅರಳಿಸಿದ ಪೈಪ್‌ಗಳನ್ನು ಸೇರಿಸುವ ಫ್ಲೇರ್ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆ. ಗೇಜಿನ ಅಂಕಿ ಅಲ್ಲಾಡಲಿಲ್ಲ. ಕೊನೆಗೆ ಹಳದಿ ಹೋಸನ್ನು ಬಿಚ್ಚಿ ಅದರ ತುದಿಯ ರಬ್ಬರ್ ವಾಷರನ್ನು ಬೆಳಕಿಗೆ ಹಿಡಿದೆ. ಸುತ್ತಲೂ ಕೂದಲಿನಷ್ಟು ತೆಳುವಾದ ಬಿರುಕು. ಆ ಹೋಸನ್ನು ಬದಿಗಿಟ್ಟು, ಎಸಿಯಲ್ಲಿ ಹೋಸ್ ಸಿಕ್ಕಿಸುವ ಬಾಯಿಯಾದ ಸರ್ವಿಸ್ ಪೋರ್ಟಿನ ಪಿನ್ ತೆಗೆದು, ದಪ್ಪನೆಯ ಗಿಡ್ಡ ಹೋಸ್ ಹಾಕಿದ ಮೇಲೆ ಅದೇ ಪಂಪ್ ಅರ್ಧ ಗಂಟೆಯೊಳಗೆ 400 ಮೈಕ್ರಾನಿಗೆ ಇಳಿಸಿತು.

ಅಂದಿನಿಂದ, ಹೊಸದಾಗಿ ಕೆಲಸ ಕಲಿಯುವ ಹುಡುಗರು ‘ಅಣ್ಣಾ, ಎಷ್ಟು ಸಿಎಫ್‌ಎಂ ಪಂಪ್ ತೆಗೆದುಕೊಳ್ಳಲಿ?’ (ಸಿಎಫ್‌ಎಂ ಎಂದರೆ ಪಂಪ್ ನಿಮಿಷಕ್ಕೆ ಎಳೆಯುವ ಗಾಳಿ, ಘನ ಅಡಿಗಳಲ್ಲಿ) ಎಂದು ಕೇಳಿದಾಗಲೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ‘ನಿನ್ನ ಹೋಸ್ ಯಾವುದು?’ ಪಂಪಿಗೆ ಹಾಕುವ ಹಣದ ಅರ್ಧವನ್ನು ಹೋಸಿಗೂ ಫಿಟಿಂಗಿಗೂ ಹಾಕಿದವನು ದಿನಕ್ಕೆ ಒಂದು ಕೆಲಸ ಹೆಚ್ಚು ಮುಗಿಸುತ್ತಾನೆ, ಮುಗಿಸಿದ ಕೆಲಸವೂ ಬಾಳುತ್ತದೆ. ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ದಪ್ಪ ಮತ್ತು ಉದ್ದ

ವ್ಯಾಕ್ಯೂಮ್ ಮಾಡುವುದೆಂದರೆ ಗಾಳಿ ತೆಗೆಯುವುದು ಮಾತ್ರವಲ್ಲ, ನೀರನ್ನು ಹೊರಹಾಕುವುದು. ಪೈಪಿನೊಳಗಿನ ನೀರು ನೀರಾಗಿ ಹೊರಬರುವುದಿಲ್ಲ. ಒತ್ತಡ ಇಳಿದಾಗ ಅಲ್ಲೇ ಕುದಿದು ಆವಿಯಾಗಿ ಬರುತ್ತದೆ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ 7,60,000 ಮೈಕ್ರಾನ್. 25 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ನೀರು ಕುದಿಯಲು ಅದು ಸುಮಾರು 23,800 ಮೈಕ್ರಾನಿಗೆ ಇಳಿಯಬೇಕು. ಹಾಗಾದರೆ ಅಲ್ಲಿಗೇ ನಿಲ್ಲಿಸಬಹುದಲ್ಲ ಎನಿಸುತ್ತದೆ. ಆದರೆ ಕುದಿಯುವ ನೀರು ತಾನೇ ತಣ್ಣಗಾಗುತ್ತ ಹೋಗುತ್ತದೆ, ತಣ್ಣಗಾದಷ್ಟೂ ಇನ್ನೂ ಕೆಳಗಿನ ಒತ್ತಡ ಕೇಳುತ್ತದೆ. ಜೊತೆಗೆ ಆವಿಯ ಗಾತ್ರವನ್ನು ನೋಡಬೇಕು. ಒಂದೇ ಒಂದು ಮಿಲಿಲೀಟರ್ ನೀರು 5,000 ಮೈಕ್ರಾನಿನಲ್ಲಿ ಆವಿಯಾದರೆ ಅದು ಸುಮಾರು 200 ಲೀಟರ್ ಜಾಗ ತುಂಬುತ್ತದೆ. 500 ಮೈಕ್ರಾನಿನಲ್ಲಾದರೆ ಎರಡು ಸಾವಿರ ಲೀಟರ್. ಇಷ್ಟೂ ಆವಿ ನಿಮ್ಮ ಹೋಸಿನ ಒಳಗಿಂದಲೇ ಹಾದು ಪಂಪಿಗೆ ಬರಬೇಕು.

ಕೊಳವೆಯ ಒಳವ್ಯಾಸ ಎರಡು ಪಟ್ಟಾದರೆ ಅದರಲ್ಲಿ ಹರಿಯುವ ಪ್ರಮಾಣ ಎರಡು ಪಟ್ಟಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಗಾಳಿ ಇನ್ನೂ ದಟ್ಟವಾಗಿರುವಾಗ ಹರಿವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಎಂದರೆ ಹದಿನಾರು ಪಟ್ಟು. ಗಾಳಿ ತೀರಾ ವಿರಳವಾದ ಮೇಲೂ ಮೂರನೇ ಘಾತ, ಎಂದರೆ ಎಂಟು ಪಟ್ಟು. ಉದ್ದದ ಲೆಕ್ಕ ಸುಲಭ: ಅರ್ಧ ಉದ್ದಕ್ಕೆ ಎರಡು ಪಟ್ಟು ಹರಿವು.

ನಮ್ಮಲ್ಲಿ ಎಲ್ಲರ ಚೀಲದಲ್ಲೂ ಇರುವ ಕೆಂಪು, ನೀಲಿ, ಹಳದಿ ಹೋಸ್‌ಗಳು 1/4 ಇಂಚಿನವು; ಒಳಗಿನ ತೂತು ಸುಮಾರು 5 ಮಿಲಿಮೀಟರ್, ಉದ್ದ ಸಾಮಾನ್ಯವಾಗಿ ಒಂದೂವರೆ ಮೀಟರ್. ಸಿಸ್ಟಮ್ ಕಡೆ 500 ಮೈಕ್ರಾನ್ ಇದ್ದಾಗ ಈ ಹೋಸ್ ನಿಮಿಷಕ್ಕೆ ಎರಡು ಲೀಟರಿಗಿಂತಲೂ ಕಡಿಮೆ ಬಿಟ್ಟುಕೊಡುತ್ತದೆ. ನಿಮ್ಮ 4 ಸಿಎಫ್‌ಎಂ ಪಂಪ್ ನಿಮಿಷಕ್ಕೆ ಸುಮಾರು 113 ಲೀಟರ್ ಎಳೆಯಬಲ್ಲದು. ಹೋಸಿನ ಆ ಸಣ್ಣ ದಾರಿಯಲ್ಲಿ ಪಂಪಿನ ಶಕ್ತಿಯೆಲ್ಲ ವ್ಯರ್ಥ. ಅದೇ ಜಾಗಕ್ಕೆ 3/8 ಇಂಚು, ಅಂದರೆ ಬಡಗಿಗಳ ಲೆಕ್ಕದ ಮೂರು ನೂಲು, ಒಳವ್ಯಾಸದ ಮೂರಡಿ ಹೋಸ್ ಹಾಕಿದರೆ ಸುಮಾರು 30 ಲೀಟರ್ ಹರಿಯುತ್ತದೆ. ಅರ್ಧ ಇಂಚಿನದಾದರೆ ಸುಮಾರು 90 ಲೀಟರ್. ಇವು ಕೊಳವೆಯ ಸೂತ್ರ ಹಿಡಿದು ನಾನು ಹಾಕಿಕೊಂಡ ಸ್ಥೂಲ ಲೆಕ್ಕಗಳು. ತುದಿಯ ಫಿಟಿಂಗ್‌ಗಳ ಅಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ. ಆದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. 1/4 ಇಂಚಿನ ಹೋಸ್ ಇಟ್ಟುಕೊಂಡು 4ರ ಬದಲು 8 ಸಿಎಫ್‌ಎಂ ಪಂಪ್ ಕೊಂಡವನಿಗೆ ಸಿಗುವುದು ಹೆಚ್ಚಿನ ಭಾರ ಮಾತ್ರ.

ಹಾಗಾದರೆ 3/8 ಸಾಕೇ, ಅರ್ಧ ಇಂಚೇ ಬೇಕೇ? ಒಂದರಿಂದ ಎರಡು ಟನ್ನಿನ ಮನೆ ಎಸಿಗಳನ್ನೇ ಮಾಡುವವರಿಗೆ 3/8 ಸಾಕು. ಮಡಚಲು ಸುಲಭ, ಬಾಲ್ಕನಿಯ ಕಂಬಿಯ ಮೇಲೆ ಬಗ್ಗಿಕೊಂಡು ಕೆಲಸ ಮಾಡುವಾಗ ಕೈಗೆ ಹಗುರ. ವಿಆರ್‌ಎಫ್, ಡಕ್ಟೆಡ್, ಚಿಲ್ಲರ್‌ಗಳಂಥ ದೊಡ್ಡ ಎಸಿ ವ್ಯವಸ್ಥೆಗಳಲ್ಲಿ ಕೆಲಸ ಮಾಡುವವರು ಅರ್ಧ ಇಂಚು ಅಥವಾ 3/4 ಇಂಚಿಗೆ ಹೋಗಬೇಕು. ಅಲ್ಲಿ ಉಳಿಯುವುದು ನಿಮಿಷಗಳಲ್ಲ, ಗಂಟೆಗಳು.

ಕೊಳ್ಳುವಾಗ ಹೋಸಿನ ಮೇಲೆ ಬರೆದ ಅಳತೆಯನ್ನು ನಂಬಿ ಬಂದುಬಿಡಬೇಡಿ. ‘3/8 ಹೋಸ್’ ಎಂದು ಕೊಡುವ ಕೆಲವದರ ತುದಿಯ ಹಿತ್ತಾಳೆ ಫಿಟಿಂಗಿನ ಒಳತೂತು 4 ಮಿಲಿಮೀಟರ್ ಕೂಡ ಇರುವುದಿಲ್ಲ. ಜೇಬಿನಲ್ಲಿ ಒಂದು 6 ಮಿಲಿಮೀಟರ್ ಡ್ರಿಲ್ ಬಿಟ್ ಇಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ತುದಿಯೊಳಗೆ ಹಾಕಿ ನೋಡಿ. ಒಳಗೆ ಇಳಿಯದಿದ್ದರೆ ಆ ದಪ್ಪ ರಬ್ಬರಿಗೆ ಹಣ ಕೊಡುವ ಅಗತ್ಯವಿಲ್ಲ.

ಪಿನ್ ತೆಗೆಯುವ ಉಪಕರಣ

ಇಡೀ ಬರಹದಲ್ಲಿ ಒಂದೇ ಒಂದು ವಸ್ತು ಕೊಳ್ಳಿ ಎಂದು ಹೇಳಬೇಕಾಗಿ ಬಂದರೆ ನಾನು ಹೋಸಿನ ಹೆಸರನ್ನೂ ಹೇಳುವುದಿಲ್ಲ, ಇದರ ಹೆಸರು ಹೇಳುತ್ತೇನೆ. ಸರ್ವಿಸ್ ಪೋರ್ಟಿನೊಳಗೆ ಸೈಕಲ್ ಟ್ಯೂಬಿನ ವಾಲ್ವಿನಂತೆ ಒಂದು ಪಿನ್ ಇರುತ್ತದೆ. ಹೋಸಿನ ತುದಿಯ ಕಡ್ಡಿ ಆ ಪಿನ್ನನ್ನು ಒತ್ತಿ ಹಿಡಿದಾಗ ಸುತ್ತ ಉಳಿಯುವ ಸಂದಿ ಕಡಲೆ ಸಿಪ್ಪೆಯಷ್ಟು ತೆಳು. ಎಷ್ಟು ದಪ್ಪನೆಯ ಹೋಸ್ ಹಾಕಿದರೂ ಎಲ್ಲ ಗಾಳಿಯೂ ಮೊದಲು ಆ ಸಂದಿಯಲ್ಲೇ ನುಸುಳಬೇಕು.

ಪಿನ್ ತೆಗೆಯುವ ಉಪಕರಣವನ್ನು ಅಂಗಡಿಯಲ್ಲಿ ‘ವಾಲ್ವ್ ಕೋರ್ ರಿಮೂವರ್’ ಎಂದು ಕೇಳಿ. ಅದನ್ನು ಪೋರ್ಟಿಗೆ ಹಾಕಿ, ಅದರ ಕಡ್ಡಿಯನ್ನು ಒಳಗೆ ತಳ್ಳಿ, ತಿರುಗಿಸಿ ಪಿನ್ನನ್ನು ಹೊರಗೆಳೆದು, ಬಾಲ್ ವಾಲ್ವ್ ಮುಚ್ಚಿದರೆ ಒಳಗಿನ ಗ್ಯಾಸ್ ಹೊರಬಾರದು. ಆಮೇಲೆ ಪೋರ್ಟಿನ ಪೂರ್ಣ ತೂತು ನಿಮ್ಮದು. ಕೆಲಸ ಮುಗಿದ ಮೇಲೆ ಅದೇ ಉಪಕರಣದಿಂದ ಪಿನ್ನನ್ನು ಮತ್ತೆ ಕೂರಿಸಬಹುದು. ಹಳೆಯ ಪಿನ್ನಿನ ರಬ್ಬರ್ ಸವೆದಿದ್ದರೆ ಹೊಸದನ್ನೇ ಹಾಕಬಹುದು. ಮೂರು ಅಂಶ ನೋಡಿ ಆರಿಸಿ. ಬಾಲ್ ವಾಲ್ವ್ ತೆರೆದಾಗ ಒಳದಾರಿ ನೇರವಾಗಿ, ಪೂರ್ಣವಾಗಿ ಕಾಣಬೇಕು. ಹೋಸ್ ಸೇರುವ ಕಡೆ 3/8 ಇಂಚಿನ ಫ್ಲೇರ್ ಇರಬೇಕು, 1/4 ಮಾತ್ರ ಇದ್ದರೆ ಮತ್ತೆ ಅಲ್ಲೇ ಕುತ್ತಿಗೆ ಹಿಸುಕಿದಂತೆ. ಮೂರನೆಯದಾಗಿ ಬದಿಯಲ್ಲಿ ಇನ್ನೊಂದು ಪೋರ್ಟ್ ಇರಬೇಕು. ಮೈಕ್ರಾನ್ ಗೇಜಿನ ಸರಿಯಾದ ಜಾಗ ಅದೇ.

ಈ ಉಪಕರಣಕ್ಕೆ ಹಾಕುವ ಹೋಸಿನ ತುದಿಯಲ್ಲಿ ಪಿನ್ ಒತ್ತುವ ಕಡ್ಡಿ ಬೇಕಿಲ್ಲ. ಕಳಚಲು ಬರುವಂತಿದ್ದರೆ ಕಳಚಿಡಿ, ಅದೂ ದಾರಿಗೆ ಅಡ್ಡವೇ.

ಆರ್-22 ಎಂಬ ಗ್ಯಾಸಿನ ಹಳೆಯ ಎಸಿಗಳ ಪೋರ್ಟ್ 1/4 ಇಂಚಿನದು. ಆರ್-410ಎ, ಆರ್-32 ಸ್ಪ್ಲಿಟ್‌ಗಳಲ್ಲಿ ಸಾಮಾನ್ಯವಾಗಿ 5/16 ಇಂಚಿನದು ಇರುತ್ತದೆ, ತಪ್ಪಿ ಹಳೆಯ ಗೇಜನ್ನು ಹಾಕದಿರಲೆಂದು. ಆದರೆ ನಮ್ಮಲ್ಲಿ ಹೆಚ್ಚಿನವರು ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಹಾಕಿ ಹಳೆಯ 1/4 ಹೋಸನ್ನೇ ಬಳಸುತ್ತಾರೆ. ಗ್ಯಾಸ್ ತುಂಬಲು ಅದು ನಡೆಯುತ್ತದೆ. ವ್ಯಾಕ್ಯೂಮ್‌ಗೆ ಬೇಡ: ಅಡಾಪ್ಟರಿನೊಳಗೂ ಒತ್ತುವ ಕಡ್ಡಿ, ಕೆಲವದರಲ್ಲಿ ಇನ್ನೊಂದು ಪಿನ್ ಕೂಡ ಇರುತ್ತದೆ. ಒಂದು ಅಡ್ಡಿಯ ಜಾಗಕ್ಕೆ ಎರಡು ಅಡ್ಡಿ, ಒಂದು ಸೋರುವ ಜಾಗದ ಬದಲು ಎರಡು. ನೇರವಾಗಿ 5/16 ತುದಿಯಿರುವ ಕೋರ್ ರಿಮೂವರ್ ಸಿಗುತ್ತದೆ. ಎರಡೂ ಅಳತೆಯದು ಒಂದೊಂದು ಇಟ್ಟುಕೊಳ್ಳಿ.

ಹೋಸ್ ಯಾವುದರಿಂದ ಮಾಡಿದ್ದು, ತುದಿ ಹೇಗಿದೆ

ರಬ್ಬರ್ ಹೋಸ್, ಒಳಪದರವಿರುವ ರಬ್ಬರ್ ಹೋಸ್, ಸ್ಟೇನ್‌ಲೆಸ್ ಸ್ಟೀಲಿನ ಅಲೆಯಲೆಯ ಹೋಸ್, ತಾಮ್ರದ ಪೈಪ್. ನಾಲ್ಕರಲ್ಲಿ ಆರಿಸಬೇಕು.

ಸಾಧಾರಣ ಚಾರ್ಜಿಂಗ್ ಹೋಸನ್ನು ಒಳಗಿನ ಒತ್ತಡ ಹೊರಗೆ ತಳ್ಳುವುದನ್ನು ತಡೆಯಲೆಂದು ಮಾಡಿದ್ದಾರೆ. ಆರ್-410ಎ, ಆರ್-32ಕ್ಕೆಂದು ಬರುವ ಹೋಸ್‌ಗಳ ಮೇಲೆ 800 ಪಿಎಸ್‌ಐ ಕೆಲಸದ ಒತ್ತಡ, 4,000 ಪಿಎಸ್‌ಐ ಒಡೆಯುವ ಒತ್ತಡ ಎಂದು ಬರೆದಿರುತ್ತದೆ. ಅದು ಒಳ್ಳೆಯ ಹೋಸ್ ಎಂಬುದಕ್ಕೆ ಸಾಕ್ಷಿ, ಆದರೆ ವ್ಯಾಕ್ಯೂಮ್‌ಗೆ ಒಳ್ಳೆಯದು ಎಂಬುದಕ್ಕಲ್ಲ. ರಬ್ಬರ್ ಗಾಳಿಯನ್ನೂ ತೇವವನ್ನೂ ನಿಧಾನವಾಗಿ ಒಳಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಗ್ಯಾಸ್ ಮತ್ತು ಎಣ್ಣೆಯನ್ನು ರಬ್ಬರ್ ಹೀರಿಕೊಳ್ಳುತ್ತದೆ. ವ್ಯಾಕ್ಯೂಮ್ ಹಚ್ಚಿದಾಗ ಸ್ವಲ್ಪಸ್ವಲ್ಪವಾಗಿ ಉಗುಳುತ್ತದೆ. ಗೇಜ್ 800ರಲ್ಲೋ 1,000ದಲ್ಲೋ ನಿಂತು ಸಿಸ್ಟಮ್ ಸೋರುತ್ತಿದೆ ಎಂದು ನಿಮಗೆ ಅನಿಸುತ್ತದೆ, ನಿಜದಲ್ಲಿ ಉಸಿರಾಡುತ್ತಿರುವುದು ಹೋಸ್. ಆದುದರಿಂದ ಗ್ಯಾಸ್ ತುಂಬುವ ಹೋಸ್ ಬೇರೆ, ವ್ಯಾಕ್ಯೂಮ್ ಹೋಸ್ ಬೇರೆ ಇರಲೇಬೇಕು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ವ್ಯಾಕ್ಯೂಮ್ ಹೋಸಿನಲ್ಲಿ ಗ್ಯಾಸಾಗಲಿ ಎಣ್ಣೆಯಾಗಲಿ ಒಮ್ಮೆಯೂ ಹರಿಯಬಾರದು. ಕೆಲಸ ಮುಗಿದೊಡನೆ ಎರಡೂ ತುದಿಗೆ ಮುಚ್ಚಳ ಹಾಕಿಡಿ.

ವ್ಯಾಕ್ಯೂಮ್‌ಗೆಂದೇ ಬರುವ, ಒಳಗೆ ತಡೆಪದರವಿರುವ 3/8 ಅಥವಾ ಅರ್ಧ ಇಂಚಿನ ಹೋಸ್ ಹೆಚ್ಚಿನವರಿಗೆ ಸರಿಯಾದ ಆಯ್ಕೆ. ಸ್ಟೇನ್‌ಲೆಸ್ ಸ್ಟೀಲಿನದು ಏನನ್ನೂ ಒಳಬಿಡುವುದಿಲ್ಲ, ಏನನ್ನೂ ಹೀರುವುದಿಲ್ಲ. ಆದರೆ ದುಬಾರಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಚಿದರೆ ಸೀಳುತ್ತದೆ, ಸ್ಕೂಟರಿನ ಡಿಕ್ಕಿಯಲ್ಲಿ ತುರುಕಿ ಓಡಾಡುವವರಿಗೆ ಅದು ಹೊಂದುವುದಿಲ್ಲ. ವರ್ಕ್‌ಶಾಪಿನಲ್ಲಿ ಒಂದೇ ಕಡೆ ಪಂಪ್ ಇಟ್ಟು ಫ್ರಿಜ್, ಡೀಪ್ ಫ್ರೀಜರ್ ರಿಪೇರಿ ಮಾಡುವವರಿಗೆ ನಾನು ಇನ್ನೂ ಸರಳ ದಾರಿ ಹೇಳುತ್ತೇನೆ: ಅರ್ಧ ಇಂಚಿನ ಮೆದು ತಾಮ್ರದ ಪೈಪಿನ ತುಂಡು, ಎರಡೂ ಕಡೆ ನೀಟಾಗಿ ಮಾಡಿದ ಫ್ಲೇರ್. ತಾಮ್ರದ ತುಂಡು ಹೇಗೂ ಅಂಗಡಿಯಲ್ಲಿ ಬಿದ್ದಿರುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಒಳ್ಳೆಯ ವ್ಯಾಕ್ಯೂಮ್ ಲೈನ್ ಬೇರೆ ಸಿಗದು.

ತುದಿಯ ವಿಚಾರದಲ್ಲಿ ಚಪ್ಪಟೆ ರಬ್ಬರ್ ವಾಷರ್ ಇರುವುದಕ್ಕಿಂತ ಓ-ರಿಂಗ್ ಕೂರುವಂಥದ್ದು ಮೇಲು. ವಾಷರ್ ಇರುವುದನ್ನೇ ಬಳಸುವುದಾದರೆ ಅದನ್ನು ಮುಗಿಯುವ ಸರಕು ಎಂದು ತಿಳಿದು ಹೊಸ ವಾಷರ್‌ಗಳ ಒಂದು ಪೊಟ್ಟಣವನ್ನು ಚೀಲದಲ್ಲಿಡಿ. ಕೂರಿಸುವ ಮೊದಲು ವ್ಯಾಕ್ಯೂಮ್ ಪಂಪಿನದೇ ಎಣ್ಣೆಯ ಒಂದು ತೊಟ್ಟು ಸವರಿದರೆ ಸೀಲ್ ಚೆನ್ನಾಗಿ ಕೂರುತ್ತದೆ. ಬಿಚ್ಚಿದೊಡನೆ ತಾನೇ ಮುಚ್ಚಿಕೊಳ್ಳುವ ತುದಿಗಳೂ ಬರುತ್ತವೆ. ಗ್ಯಾಸ್ ತುಂಬುವ ಹೋಸಿಗೆ ಅವು ಬಹಳ ಒಳ್ಳೆಯವು, ಗ್ಯಾಸ್ ಹಾಳಾಗುವುದಿಲ್ಲ, ಬೆರಳೂ ಸುಡುವುದಿಲ್ಲ. ವ್ಯಾಕ್ಯೂಮ್ ಹೋಸಿಗೆ ಬೇಡ, ಒಳಗಿನ ಸ್ಪ್ರಿಂಗ್ ವಾಲ್ವ್ ದಾರಿಯನ್ನು ಕಟ್ಟುತ್ತದೆ. ಮುಚ್ಚುವ ವ್ಯವಸ್ಥೆ ಬೇಕೆಂದರೆ ಬಾಲ್ ವಾಲ್ವ್ ಆರಿಸಿ.

ಇನ್ನೊಂದು ಎಚ್ಚರಿಕೆ. ವ್ಯಾಕ್ಯೂಮ್‌ಗೆಂದೇ ಮಾಡಿದ ಕೆಲವು ದಪ್ಪ ಹೋಸ್‌ಗಳು ಒತ್ತಡ ತಡೆಯುವಂಥವಲ್ಲ. ನೈಟ್ರೋಜನ್ ಹಾಕಿ ಸೋರಿಕೆ ಪರೀಕ್ಷೆ ಮಾಡುವಾಗ ಅವನ್ನು ಸಿಲಿಂಡರಿಗೆ ಜೋಡಿಸಿದರೆ ಒಡೆದು ಮುಖಕ್ಕೆ ಹಾರಬಹುದು. ಆ ಕೆಲಸಕ್ಕೆ ಒತ್ತಡದ ಅಂಕಿ ಬರೆದಿರುವ ಹೋಸ್ ಮತ್ತು ರೆಗ್ಯುಲೇಟರ್ ಮಾತ್ರ.

ಮ್ಯಾನಿಫೋಲ್ಡ್ ನಡುವೆ ಇರಬೇಕೇ

ಬೇಡ ಎಂಬುದೇ ನನ್ನ ಉತ್ತರ. ಗೇಜ್ ಮ್ಯಾನಿಫೋಲ್ಡ್ ಗ್ಯಾಸ್ ತುಂಬಲು, ಒತ್ತಡ ನೋಡಲು ಇರುವುದು. ಅದರೊಳಗಿನ ತೂತುಗಳು ಸಣ್ಣವು, ವಾಲ್ವ್ ಕಡ್ಡಿಗಳ ಸುತ್ತ ಸೀಲುಗಳು, ಮೂರು ಹೋಸ್, ಆರು ತುದಿ. ಗಾಳಿ ಒಳನುಗ್ಗಲು ಅಷ್ಟೂ ಬಾಗಿಲುಗಳು. ಅದರ ಮುಳ್ಳಿನ ಗೇಜು ಮೈನಸ್ 30 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಿತೆಂದು ಪಂಪ್ ನಿಲ್ಲಿಸಿಬಿಡುವವರನ್ನು ದಿನವೂ ನೋಡುತ್ತೇನೆ. ಆ ಮುಳ್ಳಿಗೆ 500 ಮೈಕ್ರಾನಿಗೂ 5,000 ಮೈಕ್ರಾನಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲನೆಯದರಲ್ಲಿ ಪೈಪ್ ಬಹುಮಟ್ಟಿಗೆ ಒಣಗಿದೆ, ಎರಡನೆಯದರಲ್ಲಿ ನೀರು ಇನ್ನೂ ನೀರಾಗಿಯೇ ಇರಬಹುದು.

ಮನೆಯ ಸ್ಪ್ಲಿಟ್‌ಗೆ ಪೋರ್ಟ್ ಒಂದೇ ಇರುವುದರಿಂದ ಜೋಡಣೆ ತೀರಾ ಸರಳ: ಪೋರ್ಟ್, ಕೋರ್ ರಿಮೂವರ್, ಒಂದು ದಪ್ಪ ಹೋಸ್, ಪಂಪ್. ಎರಡು ಕಡೆಯಿಂದ ಎಳೆಯಬಹುದಾದ ದೊಡ್ಡ ಸಿಸ್ಟಮ್‌ಗಳಿಗೆ ಎರಡು ಕೋರ್ ರಿಮೂವರ್, ಎರಡು ಹೋಸ್, ಪಂಪಿನ ಬಾಯಲ್ಲಿ 3/8 ಅಥವಾ ಅರ್ಧ ಇಂಚಿನ ಹಿತ್ತಾಳೆ ಟೀ (ಮೂರು ಬಾಯಿಯ ಕವಲು). ನಾಲ್ಕು ವಾಲ್ವಿನ, 3/8 ವ್ಯಾಕ್ಯೂಮ್ ಪೋರ್ಟ್ ಇರುವ ಮ್ಯಾನಿಫೋಲ್ಡ್ ಈಗಾಗಲೇ ನಿಮ್ಮಲ್ಲಿದ್ದರೆ ಎರಡು ವಾಲ್ವಿನದಕ್ಕಿಂತ ಅದು ಉತ್ತಮ, ನಿಜ. ಆದರೆ ಇದಕ್ಕಾಗಿಯೇ ಅದನ್ನು ಕೊಳ್ಳಬೇಡಿ.

ಮೈಕ್ರಾನ್ ಗೇಜನ್ನು ಪಂಪಿನ ಹತ್ತಿರ ಹಾಕಿದರೆ ಅದು ಪಂಪಿನ ಸುದ್ದಿ ಹೇಳುತ್ತದೆ, ಸಿಸ್ಟಮಿನದಲ್ಲ. ಸಣ್ಣ ಹೋಸಿನ ಒಂದು ತುದಿಯಲ್ಲಿ 200 ಇದ್ದರೆ ಇನ್ನೊಂದು ತುದಿಯಲ್ಲಿ 1,500 ಇರಬಹುದು. ಹಾಗಾಗಿ ಕೋರ್ ರಿಮೂವರಿನ ಬದಿಯ ಪೋರ್ಟಿಗೆ, ಪಂಪಿನಿಂದ ದೂರದ ತುದಿಗೆ, ಎಣ್ಣೆ ಒಳಗಿಳಿಯದಂತೆ ನೆಟ್ಟಗೆ ನಿಲ್ಲಿಸಿ ಹಾಕಿ. 500ಕ್ಕೆ ಇಳಿದ ಮೇಲೆ ಬಾಲ್ ವಾಲ್ವ್ ಮುಚ್ಚಿ ಪಂಪನ್ನೂ ಹೋಸನ್ನೂ ಬೇರ್ಪಡಿಸಿ ಹತ್ತು ನಿಮಿಷ ಕಾಯಿರಿ. ಅಂಕಿ ಸ್ವಲ್ಪ ಏರಿ ನಿಂತರೆ ಒಳಗೆ ತೇವ ಉಳಿದಿದೆ, ಪಂಪನ್ನು ಇನ್ನಷ್ಟು ಓಡಿಸಿ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಈ ಪರೀಕ್ಷೆಗೆ ಅರ್ಥ ಬರುವುದೇ ಹೋಸ್ ಲೆಕ್ಕದಿಂದ ಹೊರಗಿರುವಾಗ. ಮ್ಯಾನಿಫೋಲ್ಡಿನ ವಾಲ್ವ್ ಮುಚ್ಚಿ ಕಾದರೆ ನೀವು ನಿಮ್ಮದೇ ಹೋಸನ್ನು ಪರೀಕ್ಷಿಸುತ್ತಿರುತ್ತೀರಿ.

ಇಷ್ಟೆಲ್ಲ ಏಕೆ, ಹೊರಗಿನ ಯುನಿಟ್ಟಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿಯನ್ನು ತಳ್ಳಿದರೆ ಸಾಲದೇ ಎನ್ನುವವರು ಇನ್ನೂ ಇದ್ದಾರೆ. ಸಾಲದು. ಆ ಗ್ಯಾಸ್ ಗಾಳಿಯ ಒಂದಷ್ಟನ್ನು ತಳ್ಳಬಹುದು, ಪೈಪಿನ ಗೋಡೆಗೆ ಅಂಟಿದ ತೇವವನ್ನು ತಳ್ಳಲಾರದು. ಆರ್-32 ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಪಿಒಇ ಎಂಬ ಕಂಪ್ರೆಸರ್ ಎಣ್ಣೆ ತೇವವನ್ನು ಹೀರಿ, ಬಿಸಿಯಲ್ಲಿ ಆಮ್ಲವಾಗಿ ಒಡೆಯುತ್ತದೆ, ಆ ಆಮ್ಲ ಕಂಪ್ರೆಸರಿನ ಸುರುಳಿಯನ್ನು ತಿನ್ನುತ್ತದೆ. ಎಣ್ಣೆ ಒಮ್ಮೆ ಹೀರಿದ ನೀರನ್ನು ವ್ಯಾಕ್ಯೂಮ್ ಕೂಡ ಪೂರ್ತಿಯಾಗಿ ತೆಗೆಯಲಾರದು. ಜೊತೆಗೆ ಆರ್-32 ಬೆಂಕಿ ಹತ್ತಬಲ್ಲ ಗ್ಯಾಸ್, ಆರ್-290 ಅಂತೂ ಶುದ್ಧ ಪ್ರೊಪೇನ್. ಮುಚ್ಚಿದ ಬಾಲ್ಕನಿಯಲ್ಲಿ ಅದನ್ನು ಹೊರಬಿಡುವುದು ಪ್ರಾಣದ ಜೊತೆ ಆಟ.

ದಪ್ಪ ಹೋಸ್ ಸಹಾಯಕ್ಕೆ ಬಾರದ ಕಡೆ

ಮನೆಯ ಫ್ರಿಜ್‌ನಲ್ಲಿ ಅರ್ಧ ಇಂಚಿನ ಹೋಸ್ ಹಾಕಿ ಪ್ರಯೋಜನವಿಲ್ಲ. ಅಲ್ಲಿ ಇಕ್ಕಟ್ಟು ಇರುವುದು ಕ್ಯಾಪಿಲರಿಯಲ್ಲಿ. ಕಂಡೆನ್ಸರಿನ ಕಡೆಯ ಗಾಳಿ ಆ ಕೂದಲಿನಂಥ ಕೊಳವೆಯಲ್ಲೇ ನುಸುಳಿ ಬರಬೇಕು. ಇದಕ್ಕೆ ಮದ್ದು ಹೋಸಲ್ಲ, ಎರಡನೆಯ ಬಾಗಿಲು. ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಬದಲಿಸುವಾಗ ಹೆಚ್ಚುವರಿ ಬಾಲ (ಸಣ್ಣ ಪೈಪಿನ ತುದಿ) ಇರುವ ಡ್ರೈಯರ್ ಹಾಕಿ, ಆ ಕಡೆಯಿಂದಲೂ ಕಂಪ್ರೆಸರಿನ ಚಾರ್ಜಿಂಗ್ ಬಾಲದಿಂದಲೂ ಒಟ್ಟಿಗೆ ಎಳೆಯಿರಿ. 3/8 ಹೋಸ್ ಧಾರಾಳವಾಗಿ ಸಾಕು. ಪೈಪಿಗೆ ತೂತು ಚುಚ್ಚಿ ಕೂರಿಸುವ ವಾಲ್ವ್‌ಗಳನ್ನು ರೋಗ ಪತ್ತೆಗೆ ಬಳಸಬಹುದು, ವ್ಯಾಕ್ಯೂಮ್‌ಗೆ ಅವುಗಳ ಸೂಜಿತೂತು ಸಾಲದು, ಬಿಟ್ಟುಬಂದರೆ ಸೋರುತ್ತವೆ ಕೂಡ.

ಕಾರಿನ ಎಸಿಗೆ ಆಯ್ಕೆಯೇ ಕಡಿಮೆ. ಆರ್-134ಎ ಕಾರುಗಳಲ್ಲಿ ಕಡಿಮೆ ಒತ್ತಡದ ಕಡೆ 13 ಮಿಲಿಮೀಟರ್, ಹೆಚ್ಚು ಒತ್ತಡದ ಕಡೆ 16 ಮಿಲಿಮೀಟರ್ ಕ್ವಿಕ್ ಕಪ್ಲರ್‌ಗಳೇ ಕೂರಬೇಕು. ಎರಡೂ ಕಡೆಯಿಂದ ಎಳೆಯುವುದು, ಹೋಸನ್ನು ಗಿಡ್ಡ ಮಾಡುವುದು, ಸಮಯ ಕೊಡುವುದು, ಇಷ್ಟೇ ನಮ್ಮ ಕೈಲಿರುವುದು.

ಬ್ಯಾಡಗಿ ಮೆಣಸಿನಕಾಯಿಯ ಶೀತಲಗೃಹವೋ ಮಲ್ಪೆ ಕಡೆಯ ಐಸ್ ಪ್ಲಾಂಟೋ ಕರೆದರೆ ಮೊದಲು ಅಲ್ಲಿ ಯಾವ ಗ್ಯಾಸ್ ಎಂದು ಕೇಳಿ. ಅಮೋನಿಯಾ ಆಗಿದ್ದರೆ ಮೇಲೆ ಹೇಳಿದ ಹಿತ್ತಾಳೆ, ತಾಮ್ರದ ಒಂದು ಫಿಟಿಂಗೂ ಅಲ್ಲಿಗೆ ಸಲ್ಲದು. ತೇವದ ಜೊತೆ ಅಮೋನಿಯಾ ಅವನ್ನು ತಿಂದುಹಾಕುತ್ತದೆ. ಉಕ್ಕಿನ ಫಿಟಿಂಗ್, ಅಮೋನಿಯಾಕ್ಕೆಂದೇ ಮಾಡಿದ ಹೋಸ್, ಆ ಕೆಲಸದಲ್ಲಿ ನುರಿತವರು ಬೇಕು.

ಕೊಂಡು ತಂದ ದಿನ

ಹೊಸ ಹೋಸನ್ನು ಕೆಲಸಕ್ಕೆ ಒಯ್ಯುವ ಮೊದಲು ಮನೆಯಲ್ಲೇ ಪರೀಕ್ಷಿಸಿ. ಪಂಪಿಗೆ ಹೊಸ ಎಣ್ಣೆ ಹಾಕಿ, ಅದರ ಬಾಯಿಗೆ ನೇರವಾಗಿ ಮೈಕ್ರಾನ್ ಗೇಜ್ ಕೂರಿಸಿ ಓಡಿಸಿ. ಒಳ್ಳೆಯ ಎರಡು ಹಂತದ ಪಂಪ್ 100ಕ್ಕಿಂತ ಕೆಳಗೆ ಇಳಿಯಬೇಕು. ಆಮೇಲೆ ಪಂಪ್, ಹೋಸ್, ಕೋರ್ ರಿಮೂವರ್, ಅದರ ಬದಿಗೆ ಗೇಜ್, ಹೀಗೆ ಜೋಡಿಸಿ. ಕೋರ್ ರಿಮೂವರ್ ಎಸಿಗೆ ಸೇರುವ ಬಾಯಿಗೆ ಮುಚ್ಚಳ ಬಿಗಿಯಿರಿ. ಬಾಲ್ ವಾಲ್ವ್ ತೆರೆದೇ ಇರಲಿ. ಮತ್ತೆ ಹೆಚ್ಚುಕಡಿಮೆ ಅದೇ ಅಂಕಿಗೆ ಇಳಿದರೆ ಹೋಸೂ ತುದಿಗಳೂ ಚೆನ್ನಾಗಿವೆ. 600ರಲ್ಲೋ 700ರಲ್ಲೋ ನಿಂತರೆ ವಾಷರ್ ಬದಲಿಸಿ, ಎಣ್ಣೆ ಸವರಿ, ಇನ್ನೊಮ್ಮೆ ನೋಡಿ. ಆಗಲೂ ಇಳಿಯದಿದ್ದರೆ ಬಿಲ್ ಹಿಡಿದು ಅದೇ ದಿನ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ. ನಾನು ಮಳೆಗಾಲದ ಮೊದಲ ವಾರದಲ್ಲಿ ನನ್ನ ಎಲ್ಲ ಹೋಸ್‌ಗಳನ್ನೂ ಹೀಗೆ ಒಂದೊಂದಾಗಿ ನೋಡಿ, ಇಳಿದ ಅಂಕಿಯನ್ನು ಬಿಳಿ ಟೇಪಿನ ಮೇಲೆ ಬರೆದು ಹೋಸಿಗೇ ಸುತ್ತಿಡುತ್ತೇನೆ.